ಕಪ್ಲಿಂಗ್ ಮತ್ತೆ ಹೋಯ್ತು

"ಕಿತ್ತು ಹಾಕಿದ ಹಳೇ ಕಪ್ಲಿಂಗ್ ಎಲ್ಲಿ?"

ಹಿರಿಯರ ಮೊದಲ ಪ್ರಶ್ನೆ ಅದು. ಬಾನೆಟ್ ಎತ್ತಿ ನೋಡಲಿಲ್ಲ, ಸ್ಟಾರ್ಟ್ ಮಾಡು ಅನ್ನಲಿಲ್ಲ.

"ಗ್ಯಾರೇಜಿನವರೇ ಬಿಸಾಕಿರಬೇಕು ಅಂಕಲ್. ಹೊಸದು ಹಾಕಿದ್ದಾರಲ್ಲ?" ಎಂದ ಕಿರಿಯ.

"ಹೊಸದಕ್ಕೇನು ಗೊತ್ತು? ನಡೆದದ್ದನ್ನೆಲ್ಲ ನೋಡಿರೋದು ಹಳೇದು. ಅದಕ್ಕೂ ಹಿಂದಿನದು ಇದೆಯಾ?"

ಇತ್ತು. ಡಿಕ್ಕಿಯ ಮೂಲೆಯಲ್ಲಿ ಚೀಲದೊಳಗೆ ಬಿದ್ದಿತ್ತು. ಅಂಗೈಗಿಂತ ದೊಡ್ಡದಾದ ದಪ್ಪ ರಬ್ಬರ್ ಬಿಲ್ಲೆ, ಸುತ್ತ ಆರು ತೂತು, ಪ್ರತಿ ತೂತಿಗೂ ಕಬ್ಬಿಣದ ಬುಷ್. ಗೇರ್‌ಬಾಕ್ಸಿನ ಮೂರು ಕೈಗಳು ಮೂರು ತೂತಿಗೆ, ಪ್ರೊಪೆಲ್ಲರ್ ಶಾಫ್ಟಿನ ಮೂರು ಕೈಗಳು ಉಳಿದ ಮೂರಕ್ಕೆ. ಇಂಜಿನ್ನಿನ ಬಲವೆಲ್ಲ ಈ ರಬ್ಬರನ್ನು ದಾಟಿಕೊಂಡೇ ಹಿಂದಿನ ಚಕ್ರಕ್ಕೆ ಹೋಗಬೇಕು.

ಇದು ಅಮೆರಿಕದ ಮಿಶಿಗನ್ ರಾಜ್ಯದ ನೋವೈ ಎಂಬ ಊರಿನಲ್ಲಿ, ಒಂದು ಮನೆಯ ಕಾರ್ ಶೆಡ್ಡಿನಲ್ಲಿ ನಡೆದ ಮಾತುಕತೆ. ಹಿರಿಯರು ದಾವಣಗೆರೆಯವರು. ಪುಣೆ–ಬೆಂಗಳೂರು ಹೆದ್ದಾರಿಯ ಲಾರಿ ಗ್ಯಾರೇಜುಗಳ ಸದ್ದಿನಲ್ಲಿ ಬೆಳೆದು, ಅಲ್ಲಿಯ ಬಿ.ಡಿ.ಟಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ, ಡೆಟ್ರಾಯಿಟ್ ಸುತ್ತಿನ ಕಾರು ಉದ್ಯಮದಲ್ಲಿ ಸದ್ದು ಮತ್ತು ಕಂಪನವನ್ನು ಬೆನ್ನಟ್ಟುವ ಕೆಲಸ ಮಾಡಿ ನಿವೃತ್ತರಾದವರು. ಕಿರಿಯ ಮೈಸೂರಿನವನು, ಸಾಫ್ಟ್‌ವೇರ್ ಉದ್ಯೋಗಿ. ಇಬ್ಬರಿಗೂ ಪಂಪ ಕನ್ನಡ ಕೂಟದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಪರಿಚಯ. ಕಿರಿಯ ಎರಡನೇ ಕೈಯಲ್ಲಿ ಕೊಂಡಿರುವುದು ಎಂಟು ಸಿಲಿಂಡರಿನ, ಆರು ಗೇರಿನ, ಹಿಂದಿನ ಚಕ್ರ ಎಳೆಯುವ ಓಟದ ಕಾರು. ಅದರ ಹೆಸರು ಇಲ್ಲಿ ಬೇಡ. ಕಾಯಿಲೆ ಅದೊಂದಕ್ಕೇ ಬರುವಂಥದ್ದಲ್ಲ.

ಕಾಯಿಲೆ ಏನೆಂದರೆ, ಗಂಟೆಗೆ 62 ಮೈಲಿಯ, ಅಂದರೆ 100 ಕಿಲೋಮೀಟರಿನ ಆಸುಪಾಸಿನಲ್ಲಿ ಕಾರಿನೊಳಗೆ ಕಿವಿ ತುಂಬುವ ಗುಂಯ್. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಹಿಂದಿನಿಂದ ಒಂದು ಠಣ್. ವೇಗ ಏರಿದಂತೆ ಹಿಂಬದಿಯ ಹೌಸಿಂಗಿನಿಂದ, ಅಂದರೆ ಎರಡು ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್ಲಿನ ಪೆಟ್ಟಿಗೆಯಿಂದ, ಸಣ್ಣ ಊಳು. ಪ್ರತಿ ಸಲವೂ ಗ್ಯಾರೇಜಿನವರು ಕಪ್ಲಿಂಗ್ ಹರಿದಿದೆ ಎಂದು ಬದಲಿಸುತ್ತಾರೆ, ಕೆಲವು ದಿನ ಎಲ್ಲ ಸರಿ, ಮತ್ತೆ ಅದೇ ರಗಳೆ.

"ಗ್ಯಾರೇಜಿನವರು ಸುಳ್ಳು ಹೇಳಿಲ್ಲ. ಹರಿದಿರೋದು ನಿಜ," ಎಂದರು ಹಿರಿಯರು, ರಬ್ಬರನ್ನು ಬಾಗಿಸಿ ಬಿರುಕು ಬಾಯಿ ಬಿಡುವಂತೆ ಮಾಡಿ. "ಯಾಕೆ ಹರೀತು ಅಂತ ಯಾರೂ ಕೇಳಿಲ್ಲ, ಅಷ್ಟೇ. ಇಲ್ಲಿ ನೋಡು. ಈ ಬಿಲ್ಲೆಗೆ ಎರಡು ತೂತಿನ ನಡುವೆ ಒಂದೊಂದರಂತೆ ಆರು ಕಾಲು. ಕಾರು ಮುಂದಕ್ಕೆ ಎಳೆಯುವಾಗ ಮೂರು ಕಾಲು ಹಿಗ್ಗುತ್ತೆ, ಉಳಿದ ಮೂರು ಕುಗ್ಗುತ್ತೆ. ಕ್ಲಚ್ ಧಡಾರನೆ ಬಿಟ್ಟು ಹರಿದದ್ದಾಗಿದ್ರೆ ಹಿಗ್ಗೋ ಮೂರರಲ್ಲೇ ಬಿರುಕು ಜಾಸ್ತಿ ಇರಬೇಕಿತ್ತು. ಇಲ್ಲಿ ಆರಕ್ಕೆ ಆರೂ ಒಂದೇ ಸಮ ಸೀಳಿದೆ. ಅಂದ್ರೆ?"

"ರಬ್ಬರೇ ಕಳಪೆ?"

"ಒಂದು ಕಳಪೆ ಇರಬಹುದು. ಹಾಕಿದ್ದೆಲ್ಲ ಕಳಪೆ ಇರುತ್ತಾ? ಶಾಫ್ಟು ಓರೆಯಾಗಿ ನಿಂತಿದ್ರೆ, ತಿರುಗೋವಾಗ ಪ್ರತಿ ಕಾಲೂ ಸುತ್ತಿಗೊಂದು ಸಲ ಆಚೆ ಬಾಗಿ ಈಚೆ ಬಾಗಬೇಕು. ಸೆಕೆಂಡಿಗೆ ಎಷ್ಟು ಸುತ್ತು ಅಂತ ಲೆಕ್ಕ ಹಾಕಿದ್ದೀಯಾ?"

ಹಾಕಿರಲಿಲ್ಲ. ಈ ವಿದ್ಯೆಯ ಮುಕ್ಕಾಲು ಪಾಲು ಆ ಲೆಕ್ಕದಲ್ಲೇ ಇದೆ ಎಂಬುದು ಹಿರಿಯರ ನಂಬಿಕೆ. ಲೆಕ್ಕ ಕಷ್ಟದ್ದೂ ಅಲ್ಲ. ಟೈರಿನ ಸುತ್ತಳತೆ ಸುಮಾರು 2 ಮೀಟರ್. 100 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 14 ಸುತ್ತು ಹಾಕುತ್ತದೆ. ಈ ಕಾರಿನ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು 41 ಮತ್ತು 12, ಅನುಪಾತ 3.42. ಹಾಗಾಗಿ ಪ್ರೊಪೆಲ್ಲರ್ ಶಾಫ್ಟು ಸೆಕೆಂಡಿಗೆ ಸುಮಾರು 48 ಸುತ್ತು. ಈಗ ಒಂದೊಂದು ದೂರಿಗೂ ಒಂದೊಂದು ವಿಳಾಸ ಸಿಕ್ಕಿತು. ಸೆಕೆಂಡಿಗೆ 14 ಸಲ ನಡುಗಿದರೆ ಟೈರು, ರಿಮ್ಮು ಅಥವಾ ಹಬ್ಬು. 48 ಸಲ ಆದರೆ ಶಾಫ್ಟಿನ ಬ್ಯಾಲೆನ್ಸ್ ಹೋಗಿದೆ, ಇಲ್ಲವೇ ಅದು ಸೊಟ್ಟಗಾಗಿದೆ. 96 ಆದರೆ ಶಾಫ್ಟಿನ ಸುತ್ತಿಗೆ ಎರಡೆರಡು ಸಲ ಒದೆಯುವ ವಸ್ತು, ಅಂದರೆ ಕ್ರಾಸ್ ಇರುವ ಯೂನಿವರ್ಸಲ್ ಜಾಯಿಂಟು. ಪಿನಿಯನ್ನಿನ 12 ಹಲ್ಲು ಕ್ರೌನನ್ನು ಕಚ್ಚುವ ಸದ್ದು 48ರ ಹನ್ನೆರಡು ಪಟ್ಟು, 576.

"ಅಂದ್ರೆ ಸದ್ದಿನ ಸ್ಥಾಯಿ ಹಿಡಿದರೆ ಕಳ್ಳ ಸಿಕ್ಕಿಬೀಳ್ತಾನೆ."

"ಅಷ್ಟು ಸುಲಭಕ್ಕೆ ಸಿಗಲ್ಲ. ನಿನ್ನ ಕಾರಿನಲ್ಲೇ ಒಂದು ಮೋಸ ಇದೆ. ಆರನೇ ಗೇರಿನ ಅನುಪಾತ ಎಷ್ಟು?"

"0.50."

"ಶಾಫ್ಟು 48 ಸುತ್ತು ಹಾಕೋವಾಗ ಇಂಜಿನ್ನು 24. ಎಂಟು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಸುತ್ತಿಗೆ ನಾಲ್ಕು ಸಲ ಉರಿಯುತ್ತೆ. ಇಪ್ಪತ್ತನಾಲ್ಕು ನಾಲ್ಕಲಿ?"

"ತೊಂಬತ್ತಾರು."

"ಜಾಯಿಂಟೂ 96, ಇಂಜಿನ್ನಿನ ಉರಿಯೂ 96. ಆರನೇ ಗೇರಿನಲ್ಲಿ ಓಡಿಸಿಕೊಂಡು ಎಷ್ಟು ಅಳೆದರೂ ಯಾರದ್ದು ಅಂತ ಗೊತ್ತಾಗೋದೇ ಇಲ್ಲ. ಒಬ್ಬ ಇಂಜಿನ್ ಮೌಂಟ್ ಅಂತಾನೆ, ಇನ್ನೊಬ್ಬ ಎಕ್ಸಾಸ್ಟ್ ತಗುಲ್ತಿದೆ ಅಂತಾನೆ, ಮತ್ತೊಬ್ಬ ಶಾಫ್ಟು ಅಂತಾನೆ. ಮೂರೂ ಬಿಲ್ಲು ನಿನ್ನ ತಲೆಗೆ."

ಬಿಡಿಸುವ ದಾರಿ ಬಲು ಅಗ್ಗದ್ದು: ಅದೇ ವೇಗ ಇಟ್ಟುಕೊಂಡು ಗೇರ್ ಬದಲಿಸುವುದು. ನಾಲ್ಕನೇ ಗೇರಿನಲ್ಲಿ ಅನುಪಾತ ಒಂದಕ್ಕೊಂದು, ಇಂಜಿನ್ನೂ 48 ಸುತ್ತು ಹಾಕುತ್ತದೆ, ಅದರ ಉರಿ 192ಕ್ಕೆ ಏರುತ್ತದೆ. ಶಾಫ್ಟಿಗೆ ಗೇರಿನ ಹಂಗಿಲ್ಲ, ಅದು ರಸ್ತೆಯ ವೇಗಕ್ಕೆ ಕಟ್ಟುಬಿದ್ದದ್ದು. ಗುಂಯ್ ಇದ್ದಲ್ಲೇ ಇದ್ದರೆ ಇಂಜಿನ್ ನಿರಪರಾಧಿ.

ಇಬ್ಬರೂ ಹೋಗಿ ನೋಡಿಯೇ ಬಂದರು. ಹಿರಿಯರು ಅಯಸ್ಕಾಂತದ ಬುಡವಿರುವ ಕಂಪನಮಾಪಕವನ್ನು ಸೀಟಿನ ಕೆಳಗಿನ ಹಳಿಗೆ ಟಕ್ಕನೆ ಅಂಟಿಸಿ, ತಂತಿಯನ್ನು ಮಡಿಲ ಮೇಲಿನ ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡರು. ಪರದೆಯ ಮೇಲೆ 96ರ ಬಳಿ ಒಂದು ಸೂಜಿ ಎದ್ದು ನಿಂತಿತು. ಆರರಿಂದ ನಾಲ್ಕಕ್ಕೆ ಇಳಿಸಿದಾಗ 192ರ ಬಳಿ ಹೊಸ ಸಣ್ಣ ಸೂಜಿ ಮೂಡಿತು. 96ರದ್ದು ಒಂದಿಷ್ಟು ಕುಗ್ಗಿತೇ ಹೊರತು ಜಾಗ ಬಿಡಲಿಲ್ಲ. ಬಲಕ್ಕೆ, 576ರಲ್ಲಿ, ಇನ್ನೊಂದು ತೆಳ್ಳನೆಯದು ಸುಮ್ಮನೆ ನಿಂತಿತ್ತು. ಅದರ ಸರದಿ ಆಮೇಲೆ.

"ಈ ಉಪಾಯ ಎಲ್ಲ ಕಾರಿಗೂ ನಡೆಯುತ್ತಾ ಅಂಕಲ್?"

"ಎಲ್ಲಾದರೂ ಕಾರ್ವೆಟ್ ಸಿ5 ಹತ್ತಿರ ಹೀಗೆ ಮಾಡೀಯ, ಹುಷಾರು."

1997ರಲ್ಲಿ ಬಂದ ಆ ಕಾರಿನಲ್ಲಿ ಗೇರ್‌ಬಾಕ್ಸನ್ನು ಇಂಜಿನ್ನಿನ ಬೆನ್ನಿನಿಂದ ಬಿಡಿಸಿ ಹಿಂದಕ್ಕೆ, ಡಿಫರೆನ್ಷಿಯಲ್ಲಿನ ಜೊತೆಗೆ ಇಟ್ಟರು. ಮುಂದಿನ ಕ್ಲಚ್ಚಿಗೂ ಹಿಂದಿನ ಗೇರ್‌ಬಾಕ್ಸಿಗೂ ನಡುವೆ ಒಂದು ಕೊಳವೆ, ಅದರೊಳಗೆ ಶಾಫ್ಟು, ಶಾಫ್ಟಿನ ಎರಡೂ ತುದಿಗೆ ರಬ್ಬರ್ ಕಪ್ಲಿಂಗ್. ಶಾಫ್ಟು ಗೇರ್‌ಬಾಕ್ಸಿಗಿಂತ ಮುಂಚೆಯೇ ಇರುವುದರಿಂದ ಅದು ತಿರುಗುವುದು ಇಂಜಿನ್ನಿನ ವೇಗದಲ್ಲಿ, ರಸ್ತೆಯ ವೇಗದಲ್ಲಲ್ಲ. ಕಾರು ನಿಂತಲ್ಲೇ ನಿಂತು, ನ್ಯೂಟ್ರಲ್ಲಿನಲ್ಲಿ, ಕ್ಲಚ್ ಒತ್ತದೆ ರೇಸ್ ಮಾಡಿದರೂ ಅದು ಸುತ್ತುತ್ತಲೇ ಇರುತ್ತದೆ. ಅಲ್ಲಿ ಕಪ್ಲಿಂಗ್ ಹರಿದರೆ ಕಂಪನ ಇಂಜಿನ್ನನ್ನೇ ಹಿಂಬಾಲಿಸುತ್ತದೆ, ಮೆಕ್ಯಾನಿಕ್ ಇಂಜಿನ್ ಬಿಚ್ಚಲು ಹೊರಡುತ್ತಾನೆ. ಪರೀಕ್ಷೆ ಮಾಡುವ ಮೊದಲು ಆ ಕಾರಿನಲ್ಲಿ ಬಲ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕಾಗದದ ಮೇಲೆ ಗೀಚಿಕೊಳ್ಳಬೇಕು ಎಂದು ಹಿರಿಯರು ಹೇಳುವುದು ಇದಕ್ಕೇ. ಗೀಚುವವರು ಕಡಿಮೆ.

ಜಾಯಿಂಟೇ ಅಪರಾಧಿ ಎಂದಾಯಿತು. ಕಿರಿಯ ಆಗಲೇ ಫೋನು ತೆಗೆದು ಹೊಸ ಕ್ರಾಸಿನ ಬೆಲೆ ಹುಡುಕುತ್ತಿದ್ದ.

"ಒಳಗಿಡು ಅದನ್ನ. ಕ್ರಾಸ್ ಸವೆದಿದೆ ಅಂತ ಯಾರು ಹೇಳಿದ್ರು?"

"ನೀವೇ ತಾನೆ, 96 ಅಂದ್ರೆ ಜಾಯಿಂಟು ಅಂತ?"

"ಸದ್ದು ಬರ್ತಿರೋದು ಜಾಯಿಂಟಿನಿಂದ. ತಪ್ಪು ಜಾಯಿಂಟಿನದ್ದೇ ಅಂತ ಹೇಳ್ಲಿಲ್ಲ. ಹೊಚ್ಚ ಹೊಸ ಕ್ರಾಸ್ ಆದರೂ ಓರೆ ನಿಂತರೆ ಒದೀಲೇಬೇಕು. ಅದರ ಹುಟ್ಟುಗುಣ."

ಈ ಹುಟ್ಟುಗುಣ ಶತಮಾನಗಳಿಂದ ಗೊತ್ತಿರುವಂಥದ್ದು. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಈ ಜಾಯಿಂಟನ್ನು ವಿವರಿಸಿದ್ದ. ಇಂದಿಗೂ ಅದಕ್ಕೆ ಹುಕ್ ಜಾಯಿಂಟು ಎಂಬ ಹೆಸರಿದೆ. ಎರಡು ಶಾಫ್ಟುಗಳು ಕೋನದಲ್ಲಿ ಕೂಡಿದಾಗ ಮೊದಲನೆಯದು ಒಂದೇ ವೇಗದಲ್ಲಿ ತಿರುಗಿದರೂ ಎರಡನೆಯದು ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡಿ, ಎರಡು ಸಲ ಹಿಂದೆ ಬೀಳುತ್ತದೆ. 3 ಡಿಗ್ರಿ ಕೋನಕ್ಕೆ ಈ ಏರುಪೇರು ಶೇಕಡಾ 0.14ರಷ್ಟು, ಅಷ್ಟೇ. 10 ಡಿಗ್ರಿಗೆ ಶೇಕಡಾ 1.5. ಕೋನ ದುಪ್ಪಟ್ಟಾದರೆ ಏರುಪೇರು ಹೆಚ್ಚುಕಡಿಮೆ ನಾಲ್ಕು ಪಟ್ಟು. ಇದನ್ನು ಕೊಲ್ಲಲು ಇನ್ನೊಂದು ಜಾಯಿಂಟನ್ನು ಅಷ್ಟೇ ಕೋನದಲ್ಲಿ, ಎದುರುಬದುರು ಸರಿಯಾಗಿ ಕೂರಿಸುತ್ತಾರೆ. ಒಂದು ಮುಂದೋಡಿದಾಗ ಇನ್ನೊಂದು ಹಿಂದೆಳೆದು ಲೆಕ್ಕ ಚುಕ್ತಾ ಆಗುತ್ತದೆ. ಕೋನಗಳು ಸಮ ಇಲ್ಲದಿದ್ದರೆ ಬಾಕಿ ಉಳಿದದ್ದು ಕಾರಿನ ತಳಕ್ಕೆ ಗುಂಯ್ ಆಗಿ ಹೋಗುತ್ತದೆ. ಇಪ್ಪತ್ತನೇ ಶತಮಾನದ ಇಪ್ಪತ್ತರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ಗುಂಡುಗಳನ್ನು ಬಳಸಿ ಏರುಪೇರೇ ಇಲ್ಲದ ಜಾಯಿಂಟು ಮಾಡಿದ ಮೇಲೆ ಈ ಗೋಳು ತಪ್ಪಬಹುದಿತ್ತು. ಆದರೆ ಕ್ರಾಸ್ ಅಗ್ಗ, ಗಟ್ಟಿ, ಸಾಕಷ್ಟು ಕಾರುಗಳು ಅದನ್ನು ಬಿಟ್ಟಿಲ್ಲ.

"ನಮ್ಮೂರ ಲಾರಿಗಳಲ್ಲಿ ಇದನ್ನ ದಿನಾ ನೋಡ್ತಿದ್ವಿ," ಎಂದರು ಹಿರಿಯರು. "ಶಾಫ್ಟ್ ಬಿಚ್ಚಿ ಮತ್ತೆ ಜೋಡಿಸೋವಾಗ ಸ್ಪ್ಲೈನು ಒಂದು ಹಲ್ಲು ಆಚೀಚೆ ಕೂತುಬಿಡ್ತಿತ್ತು. ಎರಡು ಕ್ರಾಸೂ ಒಂದೇ ನೇರಕ್ಕೆ ಬರ್ತಿರಲಿಲ್ಲ. ಗಾಡಿ ಹೊರಟ ಕೂಡಲೇ ಕ್ಯಾಬಿನ್ ಎಲ್ಲ ನಡುಕ. ಡ್ರೈವರು ಸೆಂಟರ್ ಬೇರಿಂಗ್ ಹೋಯ್ತು ಅಂತಿದ್ದ. ಮೇಸ್ತ್ರಿ ಬಗ್ಗಿ ನೋಡಿ, ಬಿಚ್ಚಿ, ತಿರುಗಿಸಿ ಹಾಕ್ತಿದ್ದ. ಅವನು ಬಿಚ್ಚೋ ಮುಂಚೆ ಸುಣ್ಣದ ಗೆರೆ ಎಳೀದೆ ಶಾಫ್ಟ್ ಮುಟ್ತಿರಲಿಲ್ಲ. ಇಲ್ಲಿ ಎಷ್ಟೋ ಗ್ಯಾರೇಜಿನಲ್ಲಿ ಆ ಗೆರೆ ಕಾಣಲ್ಲ."

ಕಿರಿಯನ ಕಾರಿನ ಕೆಳಗೆ ಟಾರ್ಚು ಬಿಟ್ಟು ನೋಡಿದಾಗ ಗೆರೆ ಇತ್ತು, ಹಳದಿ ಬಣ್ಣದ್ದು, ಎರಡೂ ಕಡೆ ಸರಿಯಾಗಿ ಕೂಡಿತ್ತು. ಆ ಗ್ಯಾರೇಜಿಗೆ ಅಷ್ಟರ ಮಟ್ಟಿಗೆ ನ್ಯಾಯ ಸಲ್ಲಬೇಕು.

"ಸರಿ, ಹಾಗಾದ್ರೆ ನೇರ ಕೇಳ್ತೀನಿ. ಮೊದಲ ಸಲ ಕಪ್ಲಿಂಗ್ ಹೋದದ್ದು ಯಾವಾಗ?"

"ಹೋದ ವರ್ಷ ಬೇಸಿಗೇಲಿ."

"ಅದಕ್ಕೂ ಮುಂಚೆ ಕಾರಿಗೆ ಏನು ಮಾಡಿಸಿದ್ದೆ?"

"ಏನೂ ಇಲ್ಲ... ಕ್ಲಚ್ ಹಾಕಿಸಿದ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಹಿರಿಯರು ಉತ್ತರ ಕೊಡದೆ ನೆಲಕ್ಕೆ ರಟ್ಟು ಹಾಸಿ, ಸ್ಟ್ಯಾಂಡಿನ ಮೇಲೆ ಎತ್ತಿ ಕೂರಿಸಿದ ಕಾರಿನಡಿ ನುಸುಳಿದರು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು. ಗೇರ್‌ಬಾಕ್ಸ್ ಇಳಿಸಬೇಕಾದರೆ ಅದರ ಬಾಲವನ್ನು ಹೊತ್ತ ಅಡ್ಡಪಟ್ಟಿ ಬಿಚ್ಚಬೇಕು. ಪಟ್ಟಿಗೂ ಮೌಂಟಿಗೂ ನಡುವೆ ಎತ್ತರ ಸರಿಮಾಡುವ ತುಂಡುಗಳಿರುತ್ತವೆ. ಈ ಕಾರಿನಲ್ಲಿ ಅವು ಇರಬೇಕಾದ ಜಾಗದಲ್ಲಿ, ಮಸಿ ಹಿಡಿದ ಲೋಹದ ಮೇಲೆ, ಎರಡು ಬೆಳ್ಳನೆಯ ಗುಂಡು ಗುರುತು ಮಾತ್ರ ಇದ್ದವು. ಕೋನ ಅಳೆಯುವ ಸಣ್ಣ ಡಿಜಿಟಲ್ ಪೆಟ್ಟಿಗೆಯನ್ನು ಮೊದಲು ಗೇರ್‌ಬಾಕ್ಸಿನ ಫ್ಲಾಂಜಿಗೆ, ಆಮೇಲೆ ಶಾಫ್ಟಿನ ಮುಂಭಾಗಕ್ಕೆ ಹಿಡಿದರು. ವ್ಯತ್ಯಾಸ 2 ಡಿಗ್ರಿಯ ಹತ್ತಿರ. ರಬ್ಬರ್ ಬಿಲ್ಲೆ ಬಯಸುವುದು ಹೆಚ್ಚುಕಡಿಮೆ ನೇರ ಗೆರೆಯನ್ನು. ಗೇರ್‌ಬಾಕ್ಸಿನ ಬಾಲ ಕೆಳಗಿಳಿದಿತ್ತು, ಅದರೊಂದಿಗೆ ಎರಡು ತುಂಡಿನ ಶಾಫ್ಟಿನಲ್ಲಿ ಮುಂದಿನ ತುಂಡಿನ ಮೂಗೂ ಇಳಿದಿತ್ತು. ಹಾಗಾಗಿ ಮುಂದೆ ಬಿಲ್ಲೆ ಪ್ರತಿ ಸುತ್ತಿಗೂ ಬಾಗುತ್ತಿತ್ತು, ಸೆಂಟರ್ ಬೇರಿಂಗಿನ ಹಿಂದಿನ ಕ್ರಾಸಿನ ಕೋನ ತನ್ನ ಜೋಡಿಯೊಂದಿಗೆ ಹೊಂದದೆ ಒದೆಯುತ್ತಿತ್ತು. ಹರಿದ ಕಪ್ಲಿಂಗೂ ಗುಂಯ್ ಸದ್ದೂ ಒಂದೇ ತಾಯಿಯ ಮಕ್ಕಳು.

"ಎರಡು ಕಬ್ಬಿಣದ ತುಂಡು!" ಕಿರಿಯನಿಗೆ ಸಿಟ್ಟೋ ನಗುವೋ ತಿಳಿಯಲಿಲ್ಲ. "ಇಷ್ಟಕ್ಕೆ ನಾನು ಅಷ್ಟು ಕಪ್ಲಿಂಗ್ ತಿಂದೆನಾ?"

"ಇನ್ನು ಹೊಸದು ಹಾಕೋವಾಗ ಬಿಲ್ಲೆ ಮೇಲಿನ ಬಾಣದ ಗುರುತು ನೋಡು. ಅದು ಫ್ಲಾಂಜಿನ ಕೈಯ ಕಡೆ ಇರಬೇಕು. ಮತ್ತೆ, ಬೋಲ್ಟು ನಟ್ಟಿನಲ್ಲಿ ತಿರುಗಿಸೋದು ಫ್ಲಾಂಜಿನ ಬದಿಯದನ್ನ. ರಬ್ಬರಿನ ಬದಿಯದನ್ನ ತಿರುಗಿಸಿ ಬಿಗಿ ಮಾಡಿದ್ರೆ ಬುಷ್ ತಿರುಚಿಕೊಂಡು ಹುಟ್ಟುವಾಗಲೇ ಗಾಯ ಆಗುತ್ತೆ."

ಠಣ್ ಸದ್ದಿನ ವಿಚಾರ ಬೇಗ ಮುಗಿಯಿತು, ಮುಗಿಯದೆಯೂ ಉಳಿಯಿತು. ರಿವರ್ಸಿನಿಂದ ಮೊದಲನೇ ಗೇರಿಗೆ ಹಾಕಿ ಹೊರಟಾಗ ಬರುವ ಒಂಟಿ 'ಟಿಕ್' ಹಬ್ಬಿನ ಸ್ಪ್ಲೈನ್ ಒಣಗಿದ್ದರಿಂದ ಬರುವುದುಂಟು, ಗ್ರೀಸು ಮತ್ತು ಹೊಸ ನಟ್ಟಿನಲ್ಲಿ ಹೋಗುತ್ತದೆ. ಇವನದ್ದು ಟಿಕ್ ಅಲ್ಲ, ಠಣ್. ಹಿರಿಯರು ಡಿಫರೆನ್ಷಿಯಲ್ಲನ್ನು ಹೊತ್ತ ಸಬ್‌ಫ್ರೇಮಿನ ಬುಷ್‌ಗಳನ್ನು ಸಲಾಕೆ ಹಾಕಿ ಮೀಟಿ ನೋಡಿದರು. ಎಡಗಡೆಯದ್ದು ಹಿಟ್ಟಿನಂತೆ ಮೆತ್ತಗಾಗಿತ್ತು.

"ಬುಷ್ ಮಾತ್ರ ಆದ್ರೆ ಪುಣ್ಯ. ಅದು ಕೂತಿರೋ ತಗಡು ನೋಡಬೇಕು ಮೊದಲು."

1998ರಿಂದ ಬಂದ ಬಿಎಂಡಬ್ಲ್ಯೂ ಇ46 ಮಾದರಿಯ ಮಾಲೀಕರಿಗೆ ಈ ಮಾತು ಎದೆ ನಡುಗಿಸುತ್ತದೆ. ಆ ಕಾರುಗಳಲ್ಲಿ, ಅದರಲ್ಲೂ ಬಲಶಾಲಿಯಾದ ಎಂ3ಯಲ್ಲಿ, ಹಿಂದಿನ ಸಬ್‌ಫ್ರೇಮ್ ಬೋಲ್ಟು ಕೂರುವ ನೆಲದ ತಗಡೇ ಬಿರುಕು ಬಿಡುತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗ ಡಿಫರೆನ್ಷಿಯಲ್ ಇಡಿಯಾಗಿ ತಿರುಚಿಕೊಳ್ಳಲು ನೋಡುತ್ತದೆ, ಬಿಟ್ಟಾಗ ಮರಳುತ್ತದೆ. ಸಾವಿರಾರು ಸಲ ಹೀಗೆ ಎಳೆದಾಟ ನಡೆದು ಸ್ಪಾಟ್ ವೆಲ್ಡುಗಳ ಸುತ್ತ ತಗಡು ದಣಿಯುತ್ತದೆ. ಹೊರಗೆ ಕೇಳಿಸುವುದು ಬರೀ ಠಣ್. ಜನ ಬುಷ್ ಬದಲಿಸಿದರು, ಡಿಫರೆನ್ಷಿಯಲ್ ಮೌಂಟ್ ಬದಲಿಸಿದರು, ಸದ್ದು ಕೆಲವು ದಿನ ಮರೆಯಾಗಿ ಮತ್ತೆ ಬಂತು. ಕಂಪನಿಯ ಕಡೆಯಿಂದ ಪೊಳ್ಳು ಜಾಗಕ್ಕೆ ಗಟ್ಟಿಯಾಗುವ ಫೋಮ್ ತುಂಬುವ ರಿಪೇರಿ ಬಂತು. ಹೊರಗಿನ ಕಸುಬುದಾರರು ಉಕ್ಕಿನ ಪಟ್ಟಿ ಬೆಸೆಯುವುದನ್ನು ಒಂದು ಉದ್ಯಮವನ್ನೇ ಮಾಡಿಕೊಂಡರು. ಚಾಲನೆಯ ಸಾಮಾನೆಲ್ಲ ಸರಿಯಿದ್ದು ಅವನ್ನು ಹೊತ್ತ ನೆಲವೇ ಸೀಳಿದ್ದರೆ, ಶಾಫ್ಟು ಬೇರಿಂಗು ಎಂದು ಎಷ್ಟು ತಡಕಾಡಿದರೂ ಪ್ರಯೋಜನವಿಲ್ಲ.

ಕಿರಿಯನ ಕಾರಿನಲ್ಲಿ ತಗಡು ಗಟ್ಟಿಯಾಗಿತ್ತು. ಬುಷ್ ಒಂದೇ ಕಡೆ ಹಾಳಾದದ್ದೇಕೆ ಎಂಬುದು ಪ್ರಶ್ನೆ.

"ಈಗ ನಿಜ ಹೇಳು. ಕಾರನ್ನ ಮಿಲನ್ನಿನ ಡ್ರ್ಯಾಗ್ ಸ್ಟ್ರಿಪ್ಪಿಗೆ ತಗೊಂಡು ಹೋಗಿದ್ದೀಯಾ?"

"ಒಂದೆರಡು ಸಲ."

ಹಿರಿಯರು ಕನ್ನಡಕದ ಮೇಲಿಂದ ನೋಡಿದರು. ವೃತ್ತಿಯಲ್ಲಿ ಎಲ್ಲ ಗಿರಾಕಿಗಳ ಬಾಯಿಂದಲೂ ಅವರು ಕೇಳಿದ್ದು ಈ 'ಒಂದೆರಡು ಸಲ'ವನ್ನೇ. "ಹೊರಡುವಾಗ ಹಿಂದಿನ ಚಕ್ರ ಧಡಧಡ ಕುಣಿಯುತ್ತಿತ್ತಾ?"

"ಹೌದು! ಸೀಟೇ ಹಾರಿಹೋಗೋ ಹಾಗೆ. ಅದೊಂಥರ ಮಜಾ..."

"ಮಜಾ ನಿನಗೆ."

ಇಂಗ್ಲಿಷಿನವರು ವೀಲ್ ಹಾಪ್ ಎನ್ನುವ ಈ ಕುಣಿತವೇ ಹಿಂಬದಿ ಚಾಲನೆಯ ಓಟದ ಕಾರುಗಳ ದೊಡ್ಡ ಶತ್ರು. ಕ್ಲಚ್ ಬಿಟ್ಟ ಕೂಡಲೇ ಟೈರು ರಸ್ತೆಯನ್ನು ಹಿಡಿಯುತ್ತದೆ. ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟು ತಿರುಚಿಕೊಳ್ಳುತ್ತದೆ, ಸಬ್‌ಫ್ರೇಮಿನ ರಬ್ಬರು ಒತ್ತಿಕೊಳ್ಳುತ್ತದೆ. ತಡೆಯಲಾಗದ ಹಂತದಲ್ಲಿ ಟೈರು ಜಾರುತ್ತದೆ, ಕೂಡಿಟ್ಟ ಬಲವೆಲ್ಲ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ, ಚಕ್ರ ಮೇಲೆದ್ದು ಬೀಳುತ್ತದೆ, ಬಿದ್ದ ಕೂಡಲೇ ಮತ್ತೆ ಹಿಡಿಯುತ್ತದೆ. ಇದು ಸೆಕೆಂಡಿಗೆ ಹತ್ತು ಸಲದ ಆಸುಪಾಸಿನಲ್ಲಿ ನಡೆಯುತ್ತದೆ. ಟೈರು ಮತ್ತೆ ಹಿಡಿಯುವ ಆ ಕ್ಷಣದಲ್ಲಿ ಶಾಫ್ಟಿನ ಮೇಲೆ ಬೀಳುವ ಪೆಟ್ಟು ಇಂಜಿನ್ ತಾನಾಗಿ ಕೊಡಬಲ್ಲ ಬಲಕ್ಕಿಂತ ಬಹಳ ಹೆಚ್ಚು. ಕಂಪನಿಯವರು ಇಂಜಿನ್ನಿಗೆ ತಕ್ಕಂತೆ ಡಿಫರೆನ್ಷಿಯಲ್ ಹಾಕಿದ್ದರೂ ಈ ಪೆಟ್ಟಿಗೆ ಅದು ತಡೆಯದು.

ಇದರ ಪಾಠ ನೋವೈಯಿಂದ ಒಂದು ತಾಸಿನ ದಾರಿಯಲ್ಲೇ ಇದೆ. ಲ್ಯಾನ್ಸಿಂಗಿನ ಗ್ರ್ಯಾಂಡ್ ರಿವರ್ ಕಾರ್ಖಾನೆಯಲ್ಲಿ ತಯಾರಾದ ಕ್ಯಾಡಿಲಾಕ್ ಸಿಟಿಎಸ್–ವಿ 2004ರ ಮಾದರಿಯಾಗಿ ಬಂದಾಗ ಅದಕ್ಕೆ ಕಾರ್ವೆಟ್ಟಿನ 5.7 ಲೀಟರಿನ ಎಲ್‌ಎಸ್6 ಇಂಜಿನ್, 400 ಅಶ್ವಶಕ್ತಿ, ಮ್ಯಾನ್ಯುಯಲ್ ಆರು ಗೇರು. ಅಜ್ಜಂದಿರ ಕಾರು ಎಂಬ ಹೆಸರು ಅಳಿಸಿಹಾಕಲು ಹೊರಟ ಆ ಕಾರಿನ ದುರ್ಬಲ ಜಾಗ ಹಿಂಬದಿಯಲ್ಲಿತ್ತು. ಜೋರಾಗಿ ಹೊರಟರೆ ಚಕ್ರ ಕುಣಿತ, ಕುಣಿತದಿಂದ ಡಿಫರೆನ್ಷಿಯಲ್ ನಾಶ. ವಾರಂಟಿಯಲ್ಲಿ ಹೊಸದು ಬಂದರೂ ಕುಣಿತ ಅಲ್ಲೇ ಇರುವುದರಿಂದ ಹೊಸದಕ್ಕೂ ಅದೇ ಗತಿ. 2006ರ ಮಾದರಿಗೆ ಬಲವಾದ ಡಿಫರೆನ್ಷಿಯಲ್ ಕೊಟ್ಟರು. ಮುರಿಯುವ ಜಾಗ ಗಟ್ಟಿಯಾಯಿತು, ಕುಣಿತದ ಬೇರು ಹಾಗೇ ಉಳಿಯಿತು. ಬೇರಿಗೆ ಕೈಹಾಕಿದ್ದು ಎರಡನೇ ತಲೆಮಾರಿನಲ್ಲಿ. 2009ರ ಮಾದರಿಗೆ 556 ಅಶ್ವಶಕ್ತಿ, ಹಳೆಯದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕೆ ಕಂಪನಿಯ ಇಂಜಿನಿಯರುಗಳು ಎಡಬಲದ ಆಕ್ಸಲ್ ಶಾಫ್ಟುಗಳನ್ನು ಬೇಕೆಂತಲೇ ಬೇರೆ ಬೇರೆ ದಪ್ಪಕ್ಕೆ ಮಾಡಿದರು.

"ಒಂದು ದಪ್ಪ ಒಂದು ಸಣ್ಣ? ಅದು ಸೊಟ್ಟ ಎಳೆಯಲ್ವಾ?"

"ಇಲ್ಲ. ಡಿಫರೆನ್ಷಿಯಲ್ ಎರಡೂ ಕಡೆಗೆ ಹಂಚೋ ಬಲ ಶಾಫ್ಟಿನ ದಪ್ಪ ನೋಡಿ ಹಂಚಲ್ಲ. ತಿರುಚಿಕೊಂಡು ಮರಳೋ ವೇಗ ಮಾತ್ರ ಎರಡಕ್ಕೂ ಬೇರೆ ಬೇರೆ ಆಗುತ್ತೆ. ಎಡಗಡೆ ಹಿಡಿಯೋವಾಗ ಬಲಗಡೆ ಬಿಡ್ತಿರುತ್ತೆ. ಎರಡೂ ತಾಳ ಹಾಕಿ ಕುಣಿಯೋಕೆ ಆಗಲ್ಲ, ಕುಣಿತ ಬೆಳೆಯೋ ಮೊದಲೇ ಮುರಿದು ಬೀಳುತ್ತೆ. ಯೋಚನೆ ಮಾಡು, ಶಾಫ್ಟನ್ನ ಗಟ್ಟಿ ಮಾಡಲಿಲ್ಲ, ಎರಡರ ಜೋಡಿ ತಪ್ಪಿಸಿದ್ರು."

ಹಿರಿಯರಿಗೆ ಇಡೀ ವೃತ್ತಿಯಲ್ಲಿ ಅತ್ಯಂತ ಮೆಚ್ಚಿನ ಉಪಾಯ ಇದು ಎಂಬುದು ಅವರ ದನಿಯಲ್ಲೇ ತಿಳಿಯುತ್ತಿತ್ತು. ಮೆಚ್ಚುವುದೂ ನ್ಯಾಯವೇ. ದುಡ್ಡಿದ್ದವರ ಸಾಮಾನ್ಯ ದಾರಿ ಒಂದು ಮುರಿದರೆ ಅದಕ್ಕಿಂತ ದಪ್ಪದ್ದು ಹಾಕುವುದು. ಆಗ ಪೆಟ್ಟು ಪಕ್ಕದ ಸಾಮಾನಿಗೆ ದಾಟುತ್ತದೆ. ದಪ್ಪ ಆಕ್ಸಲ್ ಹಾಕಿದವರು ಮುಂದೆ ಪಿನಿಯನ್ ಹಲ್ಲು ಆರಿಸಿಕೊಂಡಿದ್ದಾರೆ, ಗಟ್ಟಿ ಡಿಫರೆನ್ಷಿಯಲ್ ಹಾಕಿದವರು ಗೇರ್‌ಬಾಕ್ಸ್ ಕಳೆದುಕೊಂಡಿದ್ದಾರೆ. ಗಟ್ಟಿಮಾಡುವುದೇ ತಪ್ಪೆಂದಲ್ಲ. 2013ರ ಶೆಲ್ಬಿ ಜಿಟಿ500ಗೆ ಫೋರ್ಡ್ 662 ಅಶ್ವಶಕ್ತಿ ಕೊಟ್ಟಾಗ ಎರಡು ತುಂಡಿನ ಉಕ್ಕಿನ ಶಾಫ್ಟು ಬಿಟ್ಟು ಕಾರ್ಬನ್ ಫೈಬರಿನ ಒಂದೇ ಉದ್ದ ಶಾಫ್ಟು ಹಾಕಿತು. ಅಲ್ಲಿ ಪ್ರಶ್ನೆ ಮುರಿಯುವುದೊಂದೇ ಅಲ್ಲ. ಶಾಫ್ಟು ಉದ್ದವಾದಷ್ಟೂ ಕಡಿಮೆ ವೇಗದಲ್ಲೇ ನಡು ಉಬ್ಬಿ ಹಗ್ಗದಂತೆ ಬೀಸತೊಡಗುತ್ತದೆ. ಉದ್ದ ಎರಡರಷ್ಟಾದರೆ ಆ ಮಿತಿ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಕಾರ್ಬನ್ ಹಗುರ ಮತ್ತು ಬಿಗಿ, ಆದ್ದರಿಂದ ಮಿತಿ ಮೇಲಕ್ಕೆ ಹೋಗುತ್ತದೆ. ಕಾರಣ ಗೊತ್ತಿದ್ದು ಮಾಡಿದ ಬದಲಾವಣೆ ಅದು.

"ನನ್ನ ಬುಷ್ಷಿಗೆ ಏನು ಮಾಡೋದು?"

"ಎರಡೂ ಕಡೆ ಹಾಕಿಸು, ಒಂದೇ ಕಡೆ ಬೇಡ. ತೀರಾ ಕಲ್ಲಿನಂಥದ್ದು ಬೇಡ, ಹೌಸಿಂಗ್ ಸದ್ದೆಲ್ಲ ಒಳಗೆ ಬರುತ್ತೆ. ಚಕ್ರ ಕುಣಿಯೋಕೆ ಶುರು ಮಾಡಿದ ಕ್ಷಣಕ್ಕೆ ಕಾಲು ತೆಗಿ. ಕುಣಿಸಿಕೊಂಡೇ ಹೋಗಬೇಡ."

"ಟೈರ್ ಹೇಗಿದೆ ನೋಡಿದ್ರಾ? ಎಡಗಡೆಯದ್ದು ಹೊಸದು. ಮೊಳೆ ಹೊಕ್ಕಿತ್ತು ಅಂತ ಒಂದೇ ಬದಲಿಸಿದೆ."

ಹಿರಿಯರು ಎದ್ದು ನಿಂತರು. ಇದು ಅವರು ಕೇಳದೇ ಬಿಟ್ಟ ಪ್ರಶ್ನೆ; ಉತ್ತರ ತಾನಾಗಿ ಬಂದಿತ್ತು. ಅಳೆದು ನೋಡಿದಾಗ ಹೊಸ ಟೈರಿನ ಗೀರು 8 ಮಿಲಿಮೀಟರ್ ಆಳ, ಹಳೆಯದ್ದು 3. ಚಕ್ರದ ತ್ರಿಜ್ಯದಲ್ಲಿ 5 ಮಿಲಿಮೀಟರ್, ಅಂದರೆ ಶೇಕಡಾ ಒಂದೂವರೆಯಷ್ಟು ವ್ಯತ್ಯಾಸ. ನೇರ ರಸ್ತೆಯಲ್ಲೂ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಬೇಕು. ಕಾರು ಯಾವಾಗಲೂ ತಿರುವಿನಲ್ಲೇ ಇದೆ ಎಂದು ಡಿಫರೆನ್ಷಿಯಲ್ ತಿಳಿಯುತ್ತದೆ. ಸಾದಾ ಡಿಫರೆನ್ಷಿಯಲ್ ಇದನ್ನು ನುಂಗಿಕೊಳ್ಳುತ್ತದೆ. ಓಟದ ಕಾರಿನ ಲಿಮಿಟೆಡ್ ಸ್ಲಿಪ್ಪಿನಲ್ಲಿ ಎರಡೂ ಕಡೆಯನ್ನು ಹಿಡಿದಿಡುವ ಸಣ್ಣ ಕ್ಲಚ್ ಬಿಲ್ಲೆಗಳಿವೆ, ಅವು ಹಗಲೂ ರಾತ್ರಿ ಉಜ್ಜಿಕೊಂಡೇ ಇರುತ್ತವೆ, ಎಣ್ಣೆ ಕಾಯುತ್ತದೆ, ಸವೆದ ಪುಡಿ ಬೇರಿಂಗಿಗೆ ಹೋಗುತ್ತದೆ. ಹಿರಿಯರು ಹೌಸಿಂಗಿನ ಪ್ಲಗ್ ಬಿಚ್ಚಿ ಬೆರಳದ್ದಿ ತೆಗೆದರು. ಎಣ್ಣೆ ಕಪ್ಪು, ಸುಟ್ಟ ವಾಸನೆ, ಬಿಸಿಲಿಗೆ ಹಿಡಿದರೆ ಬೆರಳ ತುದಿಯಲ್ಲಿ ನವಿರಾದ ಬೂದು ಮಿನುಗು. ಚೂರುಗಳಿರಲಿಲ್ಲ.

"ಚೂರು ಇಲ್ಲ ಅಂದ್ರೆ ಹಲ್ಲು ಮುರಿದಿಲ್ಲ. ಪುಡಿ ಇದೆ ಅಂದ್ರೆ ಬಿಲ್ಲೆಗಳು ಸವೀತಿವೆ. ಟೈರು ಜೋಡಿ ಮಾಡು, ಎಣ್ಣೆ ಬದಲಿಸು, ಲಿಮಿಟೆಡ್ ಸ್ಲಿಪ್ಪಿಗೆ ಬೇಕಾದ ಅಡಿಟಿವ್ ಮರೀಬೇಡ. ಮರೆತ್ರೆ ಪಾರ್ಕಿಂಗಿನಲ್ಲಿ ತಿರುಗಿಸೋವಾಗ ಗರಗರ ಅನ್ನುತ್ತೆ, ಇನ್ನೊಬ್ಬ ಇಡೀ ಹೌಸಿಂಗ್ ಬದಲಿಸು ಅಂತಾನೆ."

ಉಳಿದದ್ದು 576. ಕಿರಿಯ ನೆನಪಿಸಿಕೊಂಡು ಹೇಳಿದ: ಪಿನಿಯನ್ ಸೀಲಿನಲ್ಲಿ ಎಣ್ಣೆ ಸೋರುತ್ತಿತ್ತು, ಬದಲಿಸಿದ ಮೇಲೆಯೇ ಊಳು ಶುರುವಾದದ್ದು. ಸೀಲು ಬದಲಿಸಲು ಪಿನಿಯನ್ನಿನ ದೊಡ್ಡ ನಟ್ ಬಿಚ್ಚಬೇಕು. ಒಳಗೆ ಎರಡು ಬೇರಿಂಗುಗಳ ನಡುವೆ ಕುಗ್ಗುವ ಒಂದು ಉಕ್ಕಿನ ತೋಳು ಇರುತ್ತದೆ. ನಟ್ ಬಿಗಿಯಾದಷ್ಟೂ ಅದು ಕುಗ್ಗಿ ಬೇರಿಂಗುಗಳ ಬಿಗಿ ಗೊತ್ತುಮಾಡುತ್ತದೆ. ಕುಗ್ಗಿದ್ದು ಮತ್ತೆ ಉಬ್ಬುವುದಿಲ್ಲ. ಏರ್ ಗನ್ನಿನಿಂದ ಬರ್ರೆಂದು ಬಿಗಿದರೆ ಬೇರಿಂಗು ನುರಿಯುತ್ತದೆ, ಹಲ್ಲು ಕೂರುವ ಜಾಗವೂ ಕೂದಲೆಳೆ ಸರಿಯುತ್ತದೆ.

"ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯೋ, ಬಿಟ್ಟಾಗ ಜಾಸ್ತಿಯೋ?"

"ಎರಡೂ ಒಂದೇ ಥರ."

"ಹಲ್ಲಿನ ಹೊಂದಾಣಿಕೆಯೊಂದೇ ಕೆಟ್ಟಿದ್ರೆ ಸಾಮಾನ್ಯವಾಗಿ ಒಂದು ಕಡೆ ಜಾಸ್ತಿ ಇರುತ್ತೆ. ನನಗೆ ಬೇರಿಂಗಿನ ಬಿಗಿ ಮೇಲೆ ಅನುಮಾನ. ಆದರೆ ಅನುಮಾನಕ್ಕೆ ದುಡ್ಡು ಕೊಡಬೇಡ. ಆಕ್ಸಲ್ ಬಿಚ್ಚಿ, ಟಾರ್ಕ್ ಮೀಟರಿನಿಂದ ಪಿನಿಯನ್ ಕೈಯಲ್ಲಿ ತಿರುಗಿಸಿ ಎಷ್ಟು ಬಿಗಿ ಇದೆ ಅಂತ ಅಳೆದು ಬರೆದುಕೊಡಿ ಅಂತ ಕೇಳು. ಪುಸ್ತಕದಲ್ಲಿರೋ ಅಂಕಿ ಜೊತೆ ಹೋಲಿಸೋಣ."

ಅಡ್ಡಪಟ್ಟಿಗೆ ತುಂಡು ಸೇರಿಸಿ ಮತ್ತೆ ಓಡಿಸಿದ ಮೇಲೆ 96ರ ಸೂಜಿ ನೆಲಕ್ಕಂಟಿತು; ಕೋನದ ವ್ಯತ್ಯಾಸ ಅರ್ಧ ಡಿಗ್ರಿಗೆ ಇಳಿದಿತ್ತು. ಹೌಸಿಂಗನ್ನು ಬೇರೊಂದು ಗ್ಯಾರೇಜಿಗೆ ಒಯ್ಯುವುದೆಂದಾಯಿತು. ಕಿರಿಯ ಫೋನಿನಲ್ಲಿ ದಿನ ಗೊತ್ತುಮಾಡಿಕೊಳ್ಳುತ್ತಿದ್ದಾಗ ಹಿರಿಯರು ನಡುವೆ ಬಾಯಿ ಹಾಕಿದರು.

"ಬಿಚ್ಚಿದ ತೋಳು, ಬೇರಿಂಗು, ಸೀಲು, ಒಂದನ್ನೂ ಎಸೀಬೇಡಿ, ಡಬ್ಬದಲ್ಲಿ ಹಾಕಿ ಕೊಡಿ ಅಂತ ಈಗಲೇ ಹೇಳು. ಹೊಸ ನಟ್ ಹಾಕೋಕೂ ಹೇಳು. ಮತ್ತೆ ಅವನಿಗೆ ಏರ್ ಗನ್ ಮುಟ್ಟಬೇಡ ಅಂತ ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೇಗೆ ಹೇಳ್ತಾರೋ ನೋಡಿಕೋ."